300 ಓಮ್, ಒಂದು ಹಳೇ ಕ್ಯಾಸೆಟ್ ಮತ್ತು ಜೋಡಿ ತಂತಿ

ಏಳು ವರ್ಷದ ಹಿಂದಿನ ಒಂದು ಶನಿವಾರದ ಸಂಜೆ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಏಪ್ರಿಲ್ ತಿಂಗಳು. ಬನಶಂಕರಿಯ ಬಾಡಿಗೆ ಮನೆ, ಮೊದಲ ಮಹಡಿ. ಕಿಟಕಿ ತೆರೆದಿತ್ತು, ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಆರು ತಿಂಗಳು ದುಡ್ಡು ಕೂಡಿಸಿ ತಂದ ಸೆನ್‌ಹೈಸರ್ ಎಚ್‌ಡಿ 650 ಹೆಡ್‌ಫೋನ್ ಮೇಜಿನ ಮೇಲಿತ್ತು. ದೊಡ್ಡ ಡಬ್ಬಿ, ಒಳಗೆ ನೀಲಿ ಸ್ಪಂಜು, ಅದರೊಳಗೆ ಕೂತ ಆ ಬೂದು ಬಣ್ಣದ ಜಾಲರಿ. ತೆಗೆದು ಕೈಯಲ್ಲಿ ಹಿಡಿದಾಗಲೇ ಖುಷಿಯಾಗಿತ್ತು. ಕೇಳಬೇಕಾದ ಹಾಡೂ ಮೊದಲೇ ಗೊತ್ತಿತ್ತು. ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ 1983ರಲ್ಲಿ ನಡೆದ ಬೈಠಕ್. ಹಾಡಿದವರು ಅಮ್ಮನ ಗುರುಗಳು. ಹಿಂದೆ ಕೂತು ತಂಬೂರಿ ನುಡಿಸಿದ್ದು ಅಮ್ಮ. ಯಾರೋ ಒಂದು ಮೊನೊ ಟೇಪ್ ರೆಕಾರ್ಡರ್ ಇಟ್ಟು ಅದನ್ನು ಹಿಡಿದಿದ್ದರು. ಆ ಕ್ಯಾಸೆಟ್ಟನ್ನು ನಾನು ಕಂಪ್ಯೂಟರಿಗೆ ಇಳಿಸಿಟ್ಟುಕೊಂಡಿದ್ದೆ. ಸಣ್ಣ ಇಯರ್‌ಫೋನಿನಲ್ಲಿ ಹತ್ತಾರು ಸಲ ಕೇಳಿದ್ದೆ. ಗುರುಗಳ ದನಿ ಚೆನ್ನಾಗಿಯೇ ಕೇಳುತ್ತಿತ್ತು. ನನಗೆ ಕೇಳಬೇಕಾಗಿದ್ದು ತಂಬೂರಿ.

ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಹಾಡು ಶುರುವಾಯಿತು. ವಾಲ್ಯೂಮ್ ಏರಿಸಿದೆ, ಇನ್ನೂ ಏರಿಸಿದೆ, ನೂರಕ್ಕೆ ನೂರು ಮಾಡಿದೆ. ಗುರುಗಳು ಪಕ್ಕದ ಮನೆಯಲ್ಲಿ ಕೂತು ಹಾಡುತ್ತಿದ್ದಂತೆ ಇತ್ತು. ತಬಲಾದ ಎಡಗೈ ಕಡೆಯ ಡಗ್ಗ ಪೊಳ್ಳು. ತಂಬೂರಿ ಇಲ್ಲವೇ ಇಲ್ಲ. ಹೆಡ್‌ಫೋನ್ ತೆಗೆದಿಟ್ಟು ಫೋನಿನ ಜೊತೆ ಬಂದಿದ್ದ ಹಳೇ ಇಯರ್‌ಫೋನ್ ಹಾಕಿಕೊಂಡೆ. ಅದರಲ್ಲಿ ದನಿ ಹತ್ತಿರ ಇತ್ತು, ಜೋರಾಗಿತ್ತು, ಜೀವ ಇತ್ತು. ಆರು ತಿಂಗಳ ಉಳಿತಾಯ ಮೇಜಿನ ಮೇಲೆ ಸುಮ್ನೆ ಕೂತಿತ್ತು. ನನಗೆ ನಿಜವಾಗಲೂ ಅಳು ಬಂದಂತಾಯಿತು.

ಎರಡು ವಾರದ ನಂತರ ಮಲ್ಲೇಶ್ವರದ ಗೆಳೆಯನೊಬ್ಬ ತಾನೇ ಬೆಸುಗೆ ಹಾಕಿ ಮಾಡಿದ ಒಂದು ಪುಟ್ಟ ಆಂಪ್ (ಆಂಪ್ಲಿಫೈಯರ್) ತಂದುಕೊಟ್ಟ. ಕಪ್ಪು ಡಬ್ಬಿ, ಅಂಗೈಗಿಂತ ಸ್ವಲ್ಪ ದೊಡ್ಡದು. ನಡುವೆ ಸಿಕ್ಕಿಸಿದೆವು. ಗುರುಗಳು ಎದುರಿಗೆ ಬಂದು ಕೂತರು. ಡಗ್ಗಕ್ಕೆ ಹೊಟ್ಟೆ ಬಂತು. ಹಿಂದೆ ಎಲ್ಲೋ, ಮಂಜಿನಂತೆ, ತಂಬೂರಿ ಇತ್ತು. ಅವತ್ತಿನಿಂದ ನಾನು ನಂಬಿದ್ದು ಇಷ್ಟು: ಒಳ್ಳೇ ಹೆಡ್‌ಫೋನಿಗೆ ಒಳ್ಳೇ ಆಂಪ್ ಬೇಕು, ಅದಕ್ಕೊಂದು ಒಳ್ಳೇ ಡ್ಯಾಕ್ (ಫೈಲಿನ ಅಂಕಿಗಳನ್ನು ಸದ್ದಿನ ಅಲೆಯಾಗಿಸುವ ಯಂತ್ರ) ಬೇಕು, ಒಂದೊಂದು ಮೆಟ್ಟಿಲು ಹತ್ತಿದ ಹಾಗೆಲ್ಲ ಒಂದೊಂದು ಪರದೆ ಸರಿಯುತ್ತದೆ. ಆ ನಂಬಿಕೆಯ ಮೇಲೆ ಮುಂದಿನ ನಾಲ್ಕು ವರ್ಷದಲ್ಲಿ ಒಂದು ವ್ಯಾಕ್ಯೂಮ್ ಟ್ಯೂಬ್ ಆಂಪ್ ಕೊಂಡೆ, ಹೆಡ್‌ಫೋನಿಗಿಂತ ಜಾಸ್ತಿ ಬೆಲೆಯ ಒಂದು ಡ್ಯಾಕ್ ಕೊಂಡೆ. ಪ್ರತಿ ಸಲವೂ ಪರದೆ ಸರಿದಂತೆ ಅನ್ನಿಸಿತು. ಆದರೆ ಮೊದಲ ಸಂಜೆ ಏನಾಗಿತ್ತು ಅನ್ನುವುದು ಮಾತ್ರ ಬಿಡಿಸಲಾಗದ ಗಂಟಾಗಿ ಉಳಿಯಿತು. ತಂಬೂರಿ ಎಲ್ಲಿಗೆ ಹೋಗಿತ್ತು?

ಒಂದು ವೋಲ್ಟಿನ ಲೆಕ್ಕ

ಈ ಹೆಡ್‌ಫೋನ್ 300 ಓಮ್‌ನದು. ಓಮ್ ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಒಳಗೆ ಪೊರೆಯನ್ನು ಅಲುಗಿಸುವ ವಾಯ್ಸ್ ಕಾಯಿಲ್‌ನಲ್ಲಿ ತೀರಾ ತೆಳು ತಂತಿಯನ್ನು ಬಹಳ ಸುತ್ತು ಸುತ್ತಿರುತ್ತಾರೆ, ಅದಕ್ಕೇ ಇಷ್ಟು ಓಮ್. ಇಂಥ ಹೆಡ್‌ಫೋನು ಕೇಳುವುದು ವೋಲ್ಟೇಜ್, ಕರೆಂಟ್ ಅಲ್ಲ. ಸೆನ್‌ಹೈಸರ್ ಕೊಡುವ ಲೆಕ್ಕದಲ್ಲಿ 1 ವೋಲ್ಟ್ ಕೊಟ್ಟರೆ ಇದು 103 ಡೆಸಿಬಲ್ ಸದ್ದು ಮಾಡುತ್ತದೆ. 103 ಅಂದರೆ ಸಣ್ಣ ಸದ್ದಲ್ಲ. ಹಾಗೆ ಓದಿದವರಿಗೆ ಆಂಪ್ ಯಾಕೆ ಬೇಕು ಅನ್ನಿಸುತ್ತೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಎಷ್ಟೋ ದಿನದ ಮೇಲೆ ಒಂದು ಹಾಳೆ ತೆಗೆದುಕೊಂಡು ಕೂತು ಲೆಕ್ಕ ಹಾಕಿದೆ.

ಗೆಳೆಯ ಅಳೆದು ನೋಡಿದಾಗ ನನ್ನ ಹಳೇ ಲ್ಯಾಪ್‌ಟಾಪಿನಿಂದ ಹೊರಬರುತ್ತಿದ್ದುದು ಹೆಚ್ಚೆಂದರೆ ಅರ್ಧ ವೋಲ್ಟ್. ವೋಲ್ಟೇಜ್ ಅರ್ಧವಾದರೆ 6 ಡೆಸಿಬಲ್ ಕಡಿಮೆ. ಅಂದರೆ 97. ಇದು ಫೈಲಿನಲ್ಲಿ ಹಿಡಿಯಬಹುದಾದ ಅತಿ ಜೋರಿನ ಸದ್ದಿಗೆ. ನಾನು ಕ್ಯಾಸೆಟ್ ಇಳಿಸುವಾಗ ಒಡೆಯಬಾರದು ಅಂತ ಮಟ್ಟ ತಗ್ಗಿಸಿ ಇಳಿಸಿದ್ದೆ. ಜೋರಾದ ತಾನ್ ಕೂಡ ಮೇಲಿನ ಗೆರೆಗಿಂತ 10 ಡೆಸಿಬಲ್ ಕೆಳಗಿತ್ತು. ಈಗ 87. ಆಲಾಪದ ಸರಾಸರಿ ಮಟ್ಟ ಅದಕ್ಕಿಂತ 20 ಕೆಳಗೆ. 67. ಗುರುಗಳ ಹಿಂದೆ ಕೂತ ತಂಬೂರಿ, ಮೈಕಿನಿಂದ ದೂರ, ಇನ್ನೂ 20 ಕೆಳಗೆ ಅಂದುಕೊಳ್ಳಿ. 47.

ಫೋನಿನ ಆ್ಯಪ್‌ನಲ್ಲಿ ನನ್ನ ಕೋಣೆಯ ಸದ್ದು ನೋಡಿದೆ. ಫ್ಯಾನ್ ನಾಲ್ಕರಲ್ಲಿ ಇಟ್ಟಾಗ 48.

ಆ ಎರಡು ಅಂಕಿ ಪಕ್ಕಪಕ್ಕ ಬರೆದು ತುಂಬ ಹೊತ್ತು ನೋಡುತ್ತ ಕೂತೆ. ಈ ಹೆಡ್‌ಫೋನ್ ಓಪನ್ ಬ್ಯಾಕ್, ಅಂದರೆ ಹಿಂಬದಿ ತೆರೆದದ್ದು. ಹೊರಗಿನ ಸದ್ದನ್ನು ಅದು ತಡೆಯುವುದೇ ಇಲ್ಲ. ಕಿವಿಯಲ್ಲಿ ತೂರಿಸುವ ಇಯರ್‌ಫೋನ್ ತಡೆಯುತ್ತದೆ. ಜೊತೆಗೆ ಇನ್ನೊಂದು ವಿಷಯವಿದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಂತೆ, ಸದ್ದು ಸಣ್ಣದಾದಷ್ಟೂ ನಮ್ಮ ಕಿವಿಗೆ ಮಂದ್ರದ ಸ್ವರಗಳು ಇನ್ನಷ್ಟು ಕಡಿಮೆ ಕೇಳಿಸುತ್ತವೆ. ಡಗ್ಗ ಪೊಳ್ಳಾಗಿ ಕೇಳಿದ್ದು ಅದಕ್ಕೆ. ಹೆಡ್‌ಫೋನಿಗೆ ಜೀವ ಇಲ್ಲ ಅಂತ ನಾನು ಅಂದುಕೊಂಡಿದ್ದು ನನ್ನ ಕಿವಿಯ ಗುಣ. ಅಮ್ಮನ ತಂಬೂರಿ ಎಲ್ಲಿಗೂ ಹೋಗಿರಲಿಲ್ಲ. ಫ್ಯಾನಿನ ಕೆಳಗೆ ಮುಚ್ಚಿಹೋಗಿತ್ತು.

ಗೆಳೆಯನ ಆಂಪ್ ಮಾಡಿದ್ದು ವೋಲ್ಟೇಜ್ ಏರಿಸಿದ್ದು, ಅಷ್ಟೇ. ಅದರ ನಕ್ಷೆಯ ಹೆಸರು ಓ2. ಇಂಟರ್ನೆಟ್ಟಿನಲ್ಲಿ ತನ್ನ ಹೆಸರು ಹೇಳದೆ ಬರೆಯುತ್ತಿದ್ದ ಒಬ್ಬ ಎಂಜಿನಿಯರ್ 2011ರಲ್ಲಿ ಅದನ್ನು ರೂಪಿಸಿ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಬಿಟ್ಟುಕೊಟ್ಟ. ಪ್ರತಿಯೊಂದು ಅಳತೆಯನ್ನೂ ಬಿಡಿಸಿ ಬರೆದ. 2012ರಲ್ಲಿ ಬರೆಯುವುದು ನಿಲ್ಲಿಸಿದ, ಮತ್ತೆ ಕಾಣಲಿಲ್ಲ. ಅವನ ಬಗ್ಗೆ ನನಗೆ ತುಂಬ ಗೌರವವಿದೆ. ಎರಡು 9 ವೋಲ್ಟ್ ಬ್ಯಾಟರಿಯಲ್ಲೂ ನಡೆಯುವ ಆ ಸಣ್ಣ ಬೋರ್ಡಿನಲ್ಲಿ ಕೇಳುಗನಿಗೆ ಬೇಕಾದ್ದೆಲ್ಲ ಇದೆ.

ಇಲ್ಲಿ ಓಮ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಆಫೀಸಿನಲ್ಲಿ ನನ್ನನ್ನು ಕೇಳುವವರೆಲ್ಲ ಇದರಲ್ಲೇ ಎಡವುತ್ತಾರೆ. ಓಮ್ ಕಡಿಮೆ ಇದ್ದರೆ ಫೋನಿಗೆ ಸಲೀಸು ಅನ್ನುವುದು ಅರ್ಧ ನಿಜ. ಗೆಳೆಯನ ಹತ್ತಿರ ಹೈಫೈಮ್ಯಾನ್ ಎಚ್‌ಇ-6 ಇದೆ. 50 ಓಮ್ ಮಾತ್ರ. ಆದರೆ ಅದು ಪ್ಲೇನಾರ್ (ಚಪ್ಪಟೆ ಪೊರೆಯ ಮೇಲೇ ತಂತಿ ಹರಡಿದ ಬಗೆ), ಅದರ ಸೆನ್ಸಿಟಿವಿಟಿ, ಅಂದರೆ ಕೊಟ್ಟ ಶಕ್ತಿಗೆ ಎಷ್ಟು ಸದ್ದು ಅನ್ನುವುದು, ಒಂದು ಮಿಲಿವ್ಯಾಟಿಗೆ 83.5 ಡೆಸಿಬಲ್. ಎರಡನ್ನೂ 110 ಡೆಸಿಬಲಿಗೆ ಏರಿಸಬೇಕು ಅಂದುಕೊಳ್ಳಿ. ನನ್ನ ಎಚ್‌ಡಿ 650ಕ್ಕೆ ಸುಮಾರು 2.2 ವೋಲ್ಟ್, 7.5 ಮಿಲಿಆಂಪ್ ಸಾಕು. ಲೆಕ್ಕ ಮಾಡಿದರೆ 17 ಮಿಲಿವ್ಯಾಟ್. ಎಚ್‌ಇ-6ಕ್ಕೆ 4.7 ವೋಲ್ಟ್ ಬೇಕು, ಜೊತೆಗೆ 95 ಮಿಲಿಆಂಪ್ ಕರೆಂಟ್. 450 ಮಿಲಿವ್ಯಾಟ್ ಹತ್ತಿರ. ಸ್ಪೀಕರ್ ನಡೆಸುವ ಆಂಪಿಗೇ ಅದನ್ನು ಜೋಡಿಸಿ ಕೇಳುವವರು ಬಹಳ ಜನ ಇದ್ದಾರೆ. ಹಾಗಾಗಿ ಯಾವ ಆಂಪ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಓಮ್ ಮತ್ತು ಸೆನ್ಸಿಟಿವಿಟಿ ಎರಡನ್ನೂ ಕೇಳುತ್ತೇನೆ. ಬೆಲೆ ಆಮೇಲೆ.

120 ಓಮ್‌ನ ಬಿಸುಪು

ನನ್ನ ಟ್ಯೂಬ್ ಆಂಪನ್ನು ನಾನು ಪ್ರೀತಿಸಿದ್ದೇನೆ. ರಾತ್ರಿ ದೀಪ ಆರಿಸಿದರೆ ಆ ಎರಡು ಗಾಜಿನ ಬುರುಡೆಗಳ ಒಳಗೆ ಕೆಂಡದಂಥ ಬೆಳಕು. ಮಂದ್ರದ ಸ್ವರಕ್ಕೆ ಅದು ಒಂದು ಬಿಸುಪು ಕೊಡುತ್ತಿತ್ತು. ಖರ್ಜದ ತಂತಿ (ತಂಬೂರಿಯ ಅತಿ ಕೆಳಗಿನ ಸಾ) ಮೀಟಿದಾಗ ಎದೆಗೆ ತಾಗಿದಂತೆ. ಟ್ಯೂಬಿನ ಗುಣವೇ ಅದು ಅಂತ ಎಲ್ಲರೂ ಹೇಳುತ್ತಿದ್ದರು, ನಾನೂ ಹೇಳುತ್ತಿದ್ದೆ.

ಕಾರಣ ಬೇರೆ ಕಡೆ ಇದೆ. ಯಾವುದೇ ಆಂಪಿನ ಬಾಯಲ್ಲಿ ಒಂದಿಷ್ಟು ತಡೆ ಇರುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಅನ್ನುತ್ತಾರೆ. ಓ2ನಲ್ಲಿ ಅದು ಸುಮಾರು ಅರ್ಧ ಓಮ್. ನನ್ನ ಟ್ಯೂಬ್ ಆಂಪಿನಲ್ಲಿ 120 ಓಮ್ ಆಸುಪಾಸು. ಈ 120ಕ್ಕೆ ಒಂದು ಇತಿಹಾಸವೂ ಇದೆ. ಐಇಸಿ 61938 ಅನ್ನುವ 1996ರ ಮಾನದಂಡ ಹೆಡ್‌ಫೋನ್ ಜಾಕಿಗೆ ಇದೇ ಅಂಕಿಯನ್ನು ಇಟ್ಟಿತ್ತು. ಹಳೇ ಸ್ಟೀರಿಯೊ ರಿಸೀವರುಗಳಲ್ಲಿ ಸ್ಪೀಕರಿಗೆ ಹೋಗುವ ಸಿಗ್ನಲನ್ನೇ ಒಂದು ರೆಸಿಸ್ಟರ್ ದಾಟಿಸಿ ಹೆಡ್‌ಫೋನಿಗೆ ಕೊಡುತ್ತಿದ್ದರು.

ಇನ್ನು ಹೆಡ್‌ಫೋನಿನ 300 ಓಮ್ ಕೂಡ ಎಲ್ಲ ಸ್ವರಕ್ಕೂ 300 ಅಲ್ಲ. 80 ಹರ್ಟ್ಸ್ ಹತ್ತಿರ ಅದು 500ರ ಸುತ್ತ ಏರುತ್ತದೆ, ಒಳಗಿನ ಪೊರೆ ತಾನಾಗಿ ತೂಗುವ ಜಾಗ ಅದು. ಮುಂದೆ 120 ಓಮ್ ನಿಂತಿದ್ದರೆ ವೋಲ್ಟೇಜ್ ಇಬ್ಬರ ನಡುವೆ ಹಂಚಿಹೋಗುತ್ತದೆ. ಎಲ್ಲಿ ಹೆಡ್‌ಫೋನಿನ ಓಮ್ ಜಾಸ್ತಿಯೋ ಅಲ್ಲಿ ಅದಕ್ಕೆ ಜಾಸ್ತಿ ಪಾಲು. ಭಾಗಿಸಿ ನೋಡಿದರೆ 80 ಹರ್ಟ್ಸ್ ಸುತ್ತ 1 ಡೆಸಿಬಲ್ ಏರಿಕೆ. ಕಾಳಿ ಒಂದರಲ್ಲಿ (ಹಾರ್ಮೋನಿಯಮ್ಮಿನ ಮೊದಲ ಕರಿ ಮನೆಯ ಶ್ರುತಿ) ಹಾಡುವ ಗಂಡು ದನಿಗೆ ಕೂಡಿಸಿದ ತಂಬೂರಿಯಲ್ಲಿ ಜೋಡಿ ತಂತಿ (ನಡುವಿನ ಎರಡು ಸಾ) ಸುಮಾರು 139 ಹರ್ಟ್ಸ್, ಖರ್ಜ 69. ಸರಿಯಾಗಿ ಆ ಉಬ್ಬಿನ ಮೇಲೆ ಕೂರುತ್ತದೆ. ನನ್ನ ಎದೆಗೆ ತಾಗಿದ್ದು ಈ ಒಂದು ಡೆಸಿಬಲ್.

ಅದು ತಿಳಿದ ಮೇಲೆ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ಅದೇ ಆಂಪನ್ನು ಕೊಳ್ಳಿ ಅಂತ ಬೇರೆಯವರಿಗೆ ಹೇಳುವುದು ನಿಲ್ಲಿಸಿದೆ. ತಡೆ ಹೆಡ್‌ಫೋನಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನುವ ಒಂದು ರೂಢಿಯ ಲೆಕ್ಕವಿದೆ. 32 ಓಮ್‌ನ ಒಂದು ಹೆಡ್‌ಫೋನು ಮಂದ್ರದಲ್ಲಿ 100ಕ್ಕೆ ಏರುವಂಥದ್ದಾದರೆ, ಇದೇ 120 ಓಮ್ ಅದರ ಮಂದ್ರವನ್ನು 6ರಿಂದ 7 ಡೆಸಿಬಲ್ ಉಬ್ಬಿಸಿಬಿಡುತ್ತದೆ. ಆಗ ಅದು ಬಿಸುಪಲ್ಲ, ಗುಮ್ಮೆನ್ನುವ ಗದ್ದಲ. ಒಬ್ಬರಿಗೆ ಹಿತವಾದ ಜೋಡಿ ಇನ್ನೊಬ್ಬರಿಗೆ ಹಾಡನ್ನೇ ಕೆಡಿಸುತ್ತದೆ.

ಬೆಂಕಿ ಬಿದ್ದ ಕಾರ್ಖಾನೆ

ಡ್ಯಾಕ್ ಬಗ್ಗೆ ನನಗೆ ಮೊದಲ ಅನುಮಾನ ಬಂದದ್ದು 2020ರ ಕೊನೆಯಲ್ಲಿ. ಆ ವರ್ಷ ಅಕ್ಟೋಬರಿನಲ್ಲಿ ಜಪಾನಿನ ನೊಬೆಓಕಾದಲ್ಲಿರುವ ಎಕೆಎಂ ಕಂಪನಿಯ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಜಗತ್ತಿನ ಎಷ್ಟೋ ಡ್ಯಾಕ್‌ಗಳ ಒಳಗೆ ಕೂರುವ ಚಿಪ್ ಅಲ್ಲೇ ತಯಾರಾಗುತ್ತಿತ್ತು. ಹಲವು ಕಂಪನಿಗಳು ತಮ್ಮ ಯಂತ್ರಗಳನ್ನು ಬೇರೆ ಚಿಪ್ ಹಾಕಿ ಮತ್ತೆ ರೂಪಿಸಬೇಕಾಯಿತು. ಬಹಳಷ್ಟು ಜನ ಇಎಸ್‌ಎಸ್ ಅನ್ನುವ ಇನ್ನೊಂದು ಚಿಪ್ ಕಂಪನಿಯ ಕಡೆ ಹೋದರು. ಎಕೆಎಂ ಚಿಪ್ಪಿನ ದನಿಯ ಆ ಮೃದುತನ ಇನ್ನು ಸಿಗುವುದಿಲ್ಲ ಅಂತ ಕೇಳುಗರು ಕಳವಳಪಟ್ಟರು. ನನ್ನ ಡ್ಯಾಕಿನಲ್ಲಿ ಹಳೇ ಚಿಪ್ ಇತ್ತು, ಅದನ್ನು ಬಚಾವು ಮಾಡಿದ ನಿಧಿಯ ಹಾಗೆ ನೋಡಿಕೊಂಡೆ. ಕೆಲವು ತಿಂಗಳ ನಂತರ ಗೆಳೆಯ ಹೊಸ ಚಿಪ್ಪಿನ ಡ್ಯಾಕ್ ತಂದ. ಅರ್ಧ ಗಂಟೆ ಕೇಳಿದೆ. ಮೃದುತನ ಅಲ್ಲೂ ಇತ್ತು.

ಡ್ಯಾಕ್ ಮಾಡುವ ಕೆಲಸ ದೊಡ್ಡದು, ಆದರೆ ಅದು ಬಗೆಹರಿದ ಕೆಲಸ. ಸಿಡಿ ಮಟ್ಟದ ಫೈಲಿನಲ್ಲಿ ಸೆಕೆಂಡಿಗೆ 44,100 ಅಂಕಿಗಳಿರುತ್ತವೆ. ಒಂದೊಂದಕ್ಕೂ 65,536 ಮೆಟ್ಟಿಲು. ಇದನ್ನು ಡ್ಯಾಕ್ ಮತ್ತೆ ಅಲೆಯಾಗಿ ಮಾಡಿ ಕೊಡುತ್ತದೆ. ಹದಿನಾರು ಬಿಟ್ ಅಂದರೆ ಅತಿ ಜೋರಿನಿಂದ ಅತಿ ಮೆಲ್ಲಗಿನವರೆಗೆ ಸುಮಾರು 96 ಡೆಸಿಬಲ್ ಅಂತರ. ನನ್ನ ಕೋಣೆಯ 48ರ ಮೇಲೆ 96 ಕೂಡಿಸಿದರೆ 144. ಕಿವಿ ಹರಿದುಹೋಗುವ ಸದ್ದು ಅದು. ಇನ್ನು ಅಮ್ಮನ ಕ್ಯಾಸೆಟ್ ತನ್ನ ಸ್ಸ್ಸ್ ಸದ್ದಿನ ಮೇಲೆ ಹಿಡಿದಿಟ್ಟದ್ದು 50 ಡೆಸಿಬಲ್ ಇದ್ದರೆ ಹೆಚ್ಚು.

ಹಾಗಂತ ಹೊರಗಿನ ಡ್ಯಾಕ್ ಬೇಡವೇ ಬೇಡ ಅಂತ ಹೇಳಲಾರೆ. ನಮ್ಮ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದೇ ಅಪರೂಪ. ಚಾರ್ಜರ್ ಸಿಕ್ಕಿಸಿದ ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುವುದು ನಿಮಗೂ ಗೊತ್ತಿರಬಹುದು. ಆ ಗುಂಯ್ ಹೆಡ್‌ಫೋನಿನಲ್ಲೂ ಬರುತ್ತದೆ. ಮೌಸ್ ಆಡಿಸಿದರೆ ಕೊರೆಯುವ ಸಣ್ಣ ಸದ್ದು ಬೇರೆ. ಹೊರಗೆ ಒಂದು ಡ್ಯಾಕ್ ಇಟ್ಟು ನನಗೆ ಅದರಿಂದ ಬಿಡುಗಡೆ ಸಿಕ್ಕಿತು. ಆದರೆ ಈ ಕೆಲಸವನ್ನು ಫೋನಿಗೆ ಸಿಕ್ಕಿಸುವ ಬೆರಳುದ್ದದ ಡಾಂಗಲ್ ಕೂಡ ಮಾಡುತ್ತದೆ.

ಪಂಚೆಯ ಹಿಂದೆ

ಇದನ್ನೆಲ್ಲ ಗೆಳೆಯನಿಗೆ ಹೇಳಿದಾಗ ಅವನು, ಲೆಕ್ಕ ಸಾಕು, ಕೇಳಿ ನೋಡೋಣ ಅಂದ. ಒಂದು ಭಾನುವಾರ ರಾತ್ರಿ ಅವನ ಮನೆಯಲ್ಲಿ ಕೂತೆವು. ಮೇಜಿನ ನಡುವೆ ಹಗ್ಗ ಕಟ್ಟಿ ಒಂದು ಪಂಚೆ ಇಳಿಬಿಟ್ಟ. ಯಂತ್ರಗಳೆಲ್ಲ ಆ ಕಡೆ, ನಾನು ಈ ಕಡೆ, ನಡುವೆ ಹೆಡ್‌ಫೋನಿನ ವೈರ್ ಮಾತ್ರ. ಯಾವುದನ್ನು ಸಿಕ್ಕಿಸಬೇಕು ಅಂತ ನಾಣ್ಯ ಚಿಮ್ಮಿ ನಿರ್ಧರಿಸುತ್ತಿದ್ದ. ಪ್ರತಿ ಸಲ ಶುರು ಮಾಡುವ ಮೊದಲು 400 ಹರ್ಟ್ಸ್ ಒಂದೇ ಸ್ವರ ಹಾಕಿ, ಮಲ್ಟಿಮೀಟರ್ ಹಿಡಿದು ಎರಡೂ ಕಡೆ ವೋಲ್ಟೇಜ್ ಒಂದೇ ಮಾಡುತ್ತಿದ್ದ. ಶೇಕಡಾ 1ರ ಒಳಗೆ ತಂದರೆ ವ್ಯತ್ಯಾಸ 0.1 ಡೆಸಿಬಲಿಗಿಂತ ಕಡಿಮೆ.

ಮೊದಲ ಸುತ್ತಿನಲ್ಲಿ ನನಗೆ ತಕ್ಷಣ ಗೊತ್ತಾಯಿತು. ಎರಡನೆಯದು ಚೆನ್ನಾಗಿದೆ ಅಂದೆ. ದನಿಗೆ ಆಳ ಇದೆ, ಗುರುಗಳ ಸುತ್ತ ಕೋಣೆ ಕಾಣುತ್ತದೆ, ತಬಲಾದ ಕಿನಾರ್ ಬಿಡಿಸಿ ಕೇಳುತ್ತದೆ. ಎಲ್ಲವನ್ನೂ ಅವನು ಬರೆದುಕೊಂಡ. ಆಮೇಲೆ ಪಂಚೆ ಸರಿಸಿ ತೋರಿಸಿದ. ಎರಡೂ ಸಲ ಒಂದೇ ಡ್ಯಾಕ್, ಒಂದೇ ಆಂಪ್. ಎರಡನೇ ಸಲ ಅರ್ಧ ಡೆಸಿಬಲ್ ಮಾತ್ರ ಏರಿಸಿದ್ದ. ಜೋರಾಯಿತು ಅಂತ ನನಗೆ ಅನ್ನಿಸಿರಲೇ ಇಲ್ಲ. ಆಳ ಬಂತು ಅಂತ ಅನ್ನಿಸಿತ್ತು.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದ. ನಾಲ್ಕು ವರ್ಷದಲ್ಲಿ ಸರಿದ ಪರದೆಗಳೆಲ್ಲ ಒಂದೊಂದಾಗಿ ನೆನಪಾದವು. ಪ್ರತಿ ಹೊಸ ಯಂತ್ರವೂ ಹಳೆಯದಕ್ಕಿಂತ ಒಂದು ಚೂರು ಜೋರಾಗಿಯೇ ಇತ್ತು. ಸಮ ಮಾಡಿ ಕೇಳಬೇಕು ಅಂತ ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ನಿಜವಾದ ಸುತ್ತು. ನನ್ನ ದುಬಾರಿ ಡ್ಯಾಕ್ ಒಂದು ಕಡೆ, ಫೋನಿನ ಡಾಂಗಲ್ ಇನ್ನೊಂದು ಕಡೆ, ಎರಡೂ ಓ2 ಆಂಪಿಗೆ. ಹದಿನಾರು ಸಲ ಕೇಳಿ 9 ಸಲ ಸರಿ ಹೇಳಿದೆ. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಟ್ಯೂಬ್ ಆಂಪ್ ಮತ್ತು ಓ2 ನಡುವೆ 14 ಸಲ ಸರಿ. ಅಲ್ಲಿ ಹಿಡಿಯುವುದು ಏನು ಅಂತ ನನಗೆ ಗೊತ್ತಿತ್ತು. ಖರ್ಜದ ಕಡೆ ಕಿವಿ ಇಟ್ಟು ಕೂತಿದ್ದೆ. ಕೊನೆಗೆ ಅವನು ನನ್ನ ಹೆಡ್‌ಫೋನಿನ ಕಿವಿಮೆತ್ತೆಗಳನ್ನು ಒತ್ತಿ ನೋಡಿ, ಇವು ಚಪ್ಪಟೆಯಾಗಿ ಎಷ್ಟು ದಿನ ಆಯಿತು ಅಂತ ಕೇಳಿದ. ಅವನ ಹತ್ತಿರ ಹೊಸ ಜೊತೆ ಇತ್ತು. ಹಾಕಿದೆವು. ಪಂಚೆ ಬೇಕಾಗಲಿಲ್ಲ, ನಾಣ್ಯವೂ ಬೇಕಾಗಲಿಲ್ಲ. ಕಿವಿಗೂ ಡ್ರೈವರಿಗೂ ನಡುವಿನ ದೂರ ಬದಲಾಗಿತ್ತು, ದನಿಯೇ ಬದಲಾಗಿತ್ತು.

ದುಬಾರಿ ಡ್ಯಾಕನ್ನು ಮುಂದಿನ ತಿಂಗಳು ಮಾರಿದೆ. ಟ್ಯೂಬ್ ಆಂಪ್ ಉಳಿಸಿಕೊಂಡೆ.

ಜೋಡಿ

ಈ ಸಲದ ಮಳೆಗಾಲದಲ್ಲಿ ಅಮ್ಮ ಬಂದು ಒಂದು ತಿಂಗಳು ನಮ್ಮ ಜೊತೆ ಇದ್ದರು. ಎಪ್ಪತ್ತು ದಾಟಿದೆ. ಹಾಡುವುದು ಬಿಟ್ಟು ಬಹಳ ವರ್ಷವಾಯಿತು. ಬೆಳಗ್ಗೆ ಐದೂವರೆಗೆ ಎದ್ದು ಸುಮ್ನೆ ಕೂತಿರುತ್ತಾರೆ. ಅಂಥ ಒಂದು ಬೆಳಗ್ಗೆ ನಾನೂ ಎದ್ದೆ. ರಾತ್ರಿಯಿಡೀ ಸುರಿದ ಮಳೆ ನಿಂತಿತ್ತು. ಚಳಿ ಇತ್ತು, ಹಾಗಾಗಿ ಫ್ಯಾನ್ ಹಾಕಿರಲಿಲ್ಲ. ರಸ್ತೆಯಲ್ಲಿ ಇನ್ನೂ ಒಂದು ಗಾಡಿಯೂ ಇರಲಿಲ್ಲ. ಅಮ್ಮ, ಒಂದು ಕೇಳಿಸ್ತೀನಿ ಅಂತ ಹೆಡ್‌ಫೋನ್ ಅವರ ತಲೆಗೆ ಹಾಕಿದೆ. ತುರುಬಿಗೆ ತಾಗಿ ಅದು ಮುಂದೆ ಜಾರುತ್ತಿತ್ತು. ತುರುಬು ಬಿಚ್ಚಿ ಕೂದಲು ಬೆನ್ನಿಗೆ ಹಾಕಿಕೊಂಡರು. ಡಾಂಗಲ್, ಓ2, ಹೆಡ್‌ಫೋನ್. ಆ ಕ್ಯಾಸೆಟ್.

ಅವರು ಕಣ್ಣು ಮುಚ್ಚಿದರು. ಗುರುಗಳ ದನಿ ಕೇಳಿ ಏನಾದರೂ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಅವರ ಬಲಗೈ ಬೆರಳು ಮಡಿಲಿನಲ್ಲಿ ಮೆಲ್ಲಗೆ ಆಡತೊಡಗಿತು. ಪ, ಸಾ, ಸಾ, ಖರ್ಜ. ಪ, ಸಾ, ಸಾ, ಖರ್ಜ. ಮೂರು ನಾಲ್ಕು ನಿಮಿಷ ಹಾಗೇ. ಆಮೇಲೆ ಬೆರಳು ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿ, "ಜೋಡಿ ಒಂದೀಟ ಇಳದೈತಿ. ಅವತ್ತ ನನಗ ಗೊತ್ತಾಗ್ಲಿಲ್ಲ ನೋಡು" ಅಂದರು.

ನಡುವಿನ ಎರಡು ತಂತಿ, ಜೋಡಿ ಅಂತ ಕರೆಯುವುದು, ಒಂದೇ ಸ್ವರಕ್ಕೆ ಕೂಡಬೇಕು. ಒಂದು ಚೂರು ಇಳಿದಿದ್ದರೂ ಎರಡರ ನಡುವೆ ಸದ್ದು ಏರಿಳಿಯುತ್ತದೆ. ಅರ್ಧ ಹರ್ಟ್ಸ್ ಇಳಿದರೆ ಮೂಲ ಸ್ವರದಲ್ಲಿ ಎರಡು ಸೆಕೆಂಡಿಗೆ ಒಂದು ಅಲೆ. ಆದರೆ ತಂಬೂರಿಯ ಜೀವ ಮೂಲ ಸ್ವರದಲ್ಲಿಲ್ಲ, ಅದರ ಮೇಲೆ ಮೂಡುವ ಸ್ವರಗಳಲ್ಲಿದೆ. ಎಂಟನೆಯದರಲ್ಲಿ ಅದೇ ಅರ್ಧ ಹರ್ಟ್ಸ್ ಸೆಕೆಂಡಿಗೆ ನಾಲ್ಕು ಅಲೆಯಾಗುತ್ತದೆ. ಸಿ.ವಿ. ರಾಮನ್ ಇನ್ನೂ ಕಲ್ಕತ್ತದಲ್ಲಿದ್ದಾಗ, 1921ರಲ್ಲೇ, ತಂಬೂರಿ ಮತ್ತು ವೀಣೆಯ ಬಗ್ಗೆ ಬರೆದಿದ್ದರು. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಮೇಲಿನ ಸ್ವರ ಹುಟ್ಟಬಾರದು ಅಂತ ಹಳೇ ನಿಯಮ ಹೇಳುತ್ತದೋ, ಅಗಲ ಕುದುರೆಯ (ತಂತಿ ಹಾದುಹೋಗುವ ಮರದ ಅಥವಾ ಮೂಳೆಯ ಆಸರೆಯ) ಮೇಲೆ ಕೂತ ತಂತಿಯಲ್ಲಿ ಅದೂ ಹುಟ್ಟುತ್ತದೆ ಅನ್ನುವುದನ್ನು ಅವರು ತೋರಿಸಿದ್ದರು. ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ದಾರ ಸರಿಸಿ ಕೂರಿಸುವಾಗ ಅಮ್ಮ ಹುಡುಕುತ್ತಿದ್ದುದು ಅದನ್ನೇ. ಹಳೇ ಟೇಪ್ ಎಳೆದಾಡಿದ್ದರಿಂದ ಹಾಗೆ ಕೇಳಿಸಿರಬಹುದಾ ಅಂತ ಯೋಚಿಸಿದೆ. ಟೇಪಿನ ಓಟ ತೂರಾಡಿದರೆ ಎರಡೂ ತಂತಿ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಅವುಗಳ ನಡುವಿನ ಅಂತರ ಹಾಗೇ ಉಳಿಯುತ್ತದೆ. ಅಮ್ಮ ಹೇಳಿದ್ದು ಸರಿ.

ಹೆಡ್‌ಫೋನ್ ತೆಗೆದು ಟ್ಯೂಬ್ ಆಂಪಿಗೆ ಹಾಕಿದೆ. ಏನೂ ಹೇಳಲಿಲ್ಲ. ಅವರು ಕೇಳಿ, "ಈಗ ಖರ್ಜ ಮುಂದ ಬಂದೈತಲ್ಲ" ಅಂದರು. ಒಂದು ಡೆಸಿಬಲ್! ಅದನ್ನು ಹಿಡಿಯಲು ನನಗೆ ಭಾಗಾಕಾರ ಬೇಕಾಗಿತ್ತು. ಜೋಡಿ ಈಗಲೂ ಇಳಿದೇ ಇದೆಯಾ ಅಂತ ಕೇಳಿದೆ. ಇದೆ ಅಂದರು. ಆಂಪ್ ಎಲ್ಲ ಬಿಟ್ಟು ಬರೀ ಡಾಂಗಲಿಗೆ ಸಿಕ್ಕಿಸಿದೆ. ದನಿ ಸಣ್ಣದಾಯಿತು. ಸಣ್ಣ ಆತು, ಆದ್ರ ಜೋಡಿ ಹಂಗ ಐತಿ ಅಂದರು. ಆಮೇಲೆ ಇನ್ನೊಮ್ಮೆ ಮೊದಲಿನಿಂದ ಹಾಕು ಅಂತ ಹೇಳಿ, ಗುರುಗಳು ಹಾಡುವುದನ್ನು ಪೂರ್ತಿ ಕೇಳಿದರು. ಗುರುಗಳ ಬಗ್ಗೆ ಏನೂ ಮಾತಾಡಲಿಲ್ಲ. ಎದ್ದು ಹೋಗುವಾಗ, ಆ ಮನೆಯಲ್ಲಿ ಅವತ್ತು ಸೆಕೆ ಬಹಳ ಇತ್ತು, ಸೆಕೆಗೆ ತಂತಿ ಇಳಿಯುತ್ತದೆ, ನಡುವೆ ಮುಟ್ಟಿ ನೋಡಬೇಕಿತ್ತು ಅಂದರು.

ಅವರು ಊರಿಗೆ ಹೋದ ಮೇಲೆ ಒಂದು ರಾತ್ರಿ ಅಟ್ಟದಿಂದ ಆ ಹಳೇ ಲ್ಯಾಪ್‌ಟಾಪ್ ಇಳಿಸಿದೆ. ಬ್ಯಾಟರಿ ಸತ್ತಿದೆ, ಚಾರ್ಜರ್ ಸಿಕ್ಕಿಸಿದರೆ ಮಾತ್ರ ನಡೆಯುತ್ತದೆ. ಕ್ಯಾಸೆಟ್ಟಿನ ಫೈಲ್ ಅದರಲ್ಲಿ ಹಾಗೇ ಇತ್ತು, ಏಳು ವರ್ಷದ ಹಿಂದೆ ಇಟ್ಟ ಕಡೆಯಲ್ಲೇ. ಕಿಟಕಿ ಮುಚ್ಚಿದೆ. ಫ್ಯಾನ್ ಆರಿಸಿದೆ. ಅದರ ರೆಕ್ಕೆ ಪೂರ್ತಿ ನಿಲ್ಲುವವರೆಗೂ ಕಾದೆ. ಹೆಡ್‌ಫೋನನ್ನು ನೇರ ಲ್ಯಾಪ್‌ಟಾಪಿಗೇ ಸಿಕ್ಕಿಸಿ ವಾಲ್ಯೂಮ್ ನೂರಕ್ಕೆ ಇಟ್ಟೆ. ಚಾರ್ಜರಿನ ಗುಂಯ್ ಸಣ್ಣಗೆ ಇತ್ತು. ಗುರುಗಳು ದೂರದಲ್ಲೇ ಹಾಡಿದರು. ಅವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ ಕಡೆ, ಅವರ ಹಿಂದೆ, ತೀರಾ ಮೆಲ್ಲಗೆ, ಪ ಬಂತು. ಸಾ ಬಂತು. ಇನ್ನೊಂದು ಸಾ, ಅದಕ್ಕಿಂತ ಒಂದೀಟ ಇಳಿದದ್ದು. ಆಮೇಲೆ ಖರ್ಜ.